ಸಂಪಾದಕರ ಉತ್ತರ: ಹರಕೆ ಆಟಕ್ಕೆ ಟಿಕೆಟ್ ಇಲ್ಲ

ತೀರ್ಥಹಳ್ಳಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಹಾಗಾಗಿ ಹಾಕಿಲ್ಲ. ಅವರು ಮತ್ತು ಇಬ್ಬರು ಗೆಳೆಯರು ಸೇರಿ, ಕನ್ನಡ ಮಾಧ್ಯಮದ ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಎಂದು ಮೊಬೈಲಿನಲ್ಲೇ ನಡೆಯುವ ಒಂದು ಟೂಲ್ ಕಟ್ಟುತ್ತಿದ್ದಾರೆ. ಕನ್ನಡ ಪದಗಳಿರುವ ಬ್ಲಾಕ್‌ಗಳನ್ನು ಜೋಡಿಸಿದರೆ ಪಕ್ಕದಲ್ಲೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೋಡ್ ಕಾಣುತ್ತದೆ. ಜೊತೆಗೆ ಆನ್‌ಲೈನಿನಲ್ಲಿ ಒಂದು ಬಳಗ ನಡೆಸುತ್ತಾರೆ. ಯಾರು ಬೇಕಾದರೂ ಸೇರಬಹುದು, ಸಂಶಯ ಕೇಳಬಹುದು, ದುಡ್ಡು ಕೊಡಬೇಕಿಲ್ಲ. ಈಗ ಸುಮಾರು 1,900 ಜನ ಇದ್ದಾರಂತೆ. ಸರ್ವರ್ ಬಾಡಿಗೆ ತಿಂಗಳಿಗೆ 2,400 ರೂಪಾಯಿ, ಅದು ಇವರ ಸಂಬಳದಿಂದ ಹೋಗುತ್ತಿದೆ. ಹಗಲು ಕಾಲೇಜಿನಲ್ಲಿ ಪಾಠ, ರಾತ್ರಿ 9ರಿಂದ 12ರವರೆಗೆ ಮಕ್ಕಳ ಪ್ರಶ್ನೆಗಳಿಗೆ ಉತ್ತರ. ಟೂಲ್‌ನ ಕೆಲಸ ಆರು ತಿಂಗಳಿಂದ ನಿಂತಿದೆ. ತಿಂಗಳಿಗೆ 50 ರೂಪಾಯಿ ಶುಲ್ಕ ಹಾಕೋಣ ಎಂದು ಒಬ್ಬ ಗೆಳೆಯ, ಜಾಹೀರಾತು ಹಾಕೋಣ ಎಂದು ಇನ್ನೊಬ್ಬ. ‘ಬಳಗ ಮುಚ್ಚಿ ಟೂಲ್ ಮಾತ್ರ ಕಟ್ಟೋಣವೇ? ನೀವು ಇಷ್ಟು ವರ್ಷ ಪತ್ರಿಕೆ ನಡೆಸಿದವರು, ಹೇಳಿ’ ಎಂದು ಕೇಳಿದ್ದಾರೆ.

ಪ್ರಿಯರೇ,

ಬಳಗ ಮುಚ್ಚಬೇಡಿ. ಯಾಕೆ ಎಂಬುದು ನಿಮ್ಮ ಪತ್ರದ ಮೂರನೇ ಪುಟದಲ್ಲೇ ಇದೆ.

ಸಾಗರದ ಹುಡುಗಿಯೊಬ್ಬಳು ತನ್ನ ಊರಿನ ಹೆಸರನ್ನು ಹಿಂದುಮುಂದು ಮಾಡುವ ಪ್ರೋಗ್ರಾಂ ಬರೆದಳು ಎಂದಿದ್ದೀರಿ. ‘ಸಾಗರ’ ತಿರುಗಿಸಿದರೆ ‘ರಗಸಾ’ ಬರಬೇಕು. ಅವಳಿಗೆ ಬಂದದ್ದು ‘ರಗಾಸ’. ದೀರ್ಘ ಸ ಬಿಟ್ಟು ಗ ಮೇಲೆ ಕೂತಿತು. ‘ಸಾರ್, ನಾನು ಎಲ್ಲಿ ತಪ್ಪಿದೆ?’ ಎಂದು ಕೇಳಿದಳು. ಅವಳು ತಪ್ಪಿರಲಿಲ್ಲ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ ದೀರ್ಘದ ಗುರುತು ತಾನೇ ಒಂದು ಬೇರೆ ಸಂಕೇತ. ಹಾಗಾಗಿ ನಮ್ಮ ಕಣ್ಣಿಗೆ ಮೂರಕ್ಷರದ ‘ಸಾಗರ’ ಪೈಥಾನಿಗೆ ನಾಲ್ಕು. ‘ಕನ್ನಡ’ ಎಂಬ ಪದವೂ ನಮಗೆ ಮೂರಕ್ಷರ, ಅದಕ್ಕೆ ಐದು. ನಡುವಿನ ಒತ್ತಕ್ಷರ ಒಂದೇ ಮೂರು ಸಂಕೇತ ತಿನ್ನುತ್ತದೆ. ಆ ಹುಡುಗಿ ಕೇಳಿದ ಮೇಲೆ ನೀವು ಅಕ್ಷರ ಎಣಿಸುವ ಬ್ಲಾಕ್ ಅನ್ನೇ ಬದಲಾಯಿಸಿದಿರಿ. ಇಂಗ್ಲಿಷಿನಲ್ಲೇ ಪರೀಕ್ಷೆ ಮಾಡಿ ಮುಗಿಸುವವರಿಗೆ ಈ ತೊಂದರೆ ಕಣ್ಣಿಗೇ ಬೀಳುತ್ತಿರಲಿಲ್ಲ.

ಹಾಗಿದ್ದರೆ ಬಳಗ ಯಾವುದು, ಟೂಲ್ ಯಾವುದು? ನೀವು ಎರಡು ಖರ್ಚು ಎಂದು ಬರೆದಿದ್ದೀರಿ. ನನಗೆ ಒಂದೇ ಕಾಣುತ್ತದೆ. ಬಳಗ ಮುಚ್ಚಿದರೆ ನಿಮ್ಮ ಟೂಲ್ ಕಿವಿ ಕಳೆದುಕೊಳ್ಳುತ್ತದೆ.

ಈಗ ದುಡ್ಡಿನ ವಿಷಯ. 2,400ರಂತೆ ವರ್ಷಕ್ಕೆ 28,800 ರೂಪಾಯಿ. ಒಬ್ಬರ ಸಂಬಳಕ್ಕೆ ಅದು ಜಾಸ್ತಿಯೇ. ಆದರೂ ಹೊಂದಿಸಬಹುದಾದ ಮೊತ್ತ. ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ ತೊಂಬತ್ತು ಗಂಟೆ ಕೊಡುತ್ತಿದ್ದೀರಲ್ಲ, ಅದನ್ನು ಎಲ್ಲಿಂದ ತರುತ್ತೀರಿ? ಇಡೀ ಪತ್ರದಲ್ಲಿ ಆ ತೊಂಬತ್ತು ಗಂಟೆಗೆ ನೀವು ಬೆಲೆಯೇ ಕಟ್ಟಿಲ್ಲ. ಟೂಲ್ ನಿಂತದ್ದು ಸರ್ವರ್ ಬಾಡಿಗೆಯಿಂದ ಅಲ್ಲ, ಆ ಗಂಟೆಗಳಿಂದ.

ಸರ್ವರ್ ಬಗ್ಗೆ ನಮ್ಮ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಹುಡುಗನನ್ನು ಕೇಳಿದೆ. ಬರೀ ಬರಹ ಮತ್ತು ಕೋಡ್ ಇದ್ದರೆ ತಿಂಗಳಿಗೆ ಐನೂರು ಆರುನೂರರ ಸಣ್ಣ ಸರ್ವರ್ ಸಾಕು ಅಂದ. ವಿಡಿಯೊಗಳನ್ನು ಯೂಟ್ಯೂಬಿಗೆ ಹಾಕಲಿ ಅಂದ. ಮಕ್ಕಳು ಬರೆದ ಕೋಡ್ ನಿಮ್ಮ ಸರ್ವರಿನಲ್ಲಿ ಓಡುತ್ತಿದ್ದರೆ ಅದನ್ನೂ ತಪ್ಪಿಸಬಹುದಂತೆ. ಪಯೋಡೈಡ್ ಎಂಬುದು ಪೈಥಾನನ್ನು ಬ್ರೌಸರಿನೊಳಗೇ ಓಡಿಸುತ್ತದೆ, ಹಾಗಾಗಿ ಲೆಕ್ಕ ಮಾಡುವ ಕೆಲಸ ಮಗುವಿನ ಫೋನಿನಲ್ಲೇ ಆಗುತ್ತದೆ. ಮೊದಲ ಸಲ ಕೆಲವು ಎಂಬಿ ಇಳಿಯಬೇಕು, ನಮ್ಮ ಕಡೆಯ ನೆಟ್‌ವರ್ಕಿಗೆ ಅದೇ ಕಷ್ಟ. ಟೂಲ್ ಒಳಗೇ ಅದನ್ನು ಸೇರಿಸಿ ಕೊಡಲು ಆಗುತ್ತದೆಯೇ ನೋಡಿ.

50 ರೂಪಾಯಿ ಶುಲ್ಕ ಬೇಡ. ಶುಲ್ಕ ಹಾಕಿದರೆ ಮೊದಲು ಹೋಗುವವರು ಯಾರು ಯೋಚಿಸಿ. ಫೋನ್ ಅಪ್ಪನದು, ಯುಪಿಐ ಅಪ್ಪನದು, ಸಂಜೆ ಒಂದು ಗಂಟೆ ಮಾತ್ರ ಕೈಗೆ ಸಿಗುತ್ತದೆ. ಅಂಥ ಮಗು ಐವತ್ತು ರೂಪಾಯಿ ಕೇಳಲು ಅಂಜಿ ಸುಮ್ನೆ ಬರುವುದು ಬಿಡುತ್ತದೆ. ಸಾಗರದ ಆ ಹುಡುಗಿಯೇ ಇರಬಹುದು ಅವಳು.

ಜಾಹೀರಾತೂ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ, 18 ವರ್ಷದೊಳಗಿನವರ ಜಾಡು ಹಿಡಿಯುವುದಕ್ಕೂ ಅವರನ್ನೇ ಗುರಿಯಿಟ್ಟು ಜಾಹೀರಾತು ತೋರಿಸುವುದಕ್ಕೂ ನಿಷೇಧವಿದೆ. ನಿಮ್ಮ ಬಳಗದಲ್ಲಿ ಹೆಚ್ಚಿನವರು ಹೈಸ್ಕೂಲಿನವರು. ಕಾನೂನು ಒಂದು ಕಡೆ ಇರಲಿ, ನನ್ನದೇ ಅನುಭವ ಹೇಳುತ್ತೇನೆ. ಹದಿನಾಲ್ಕು ವರ್ಷದ ಹಿಂದೆ ಒಂದು ಸಂಸ್ಥೆ ನಮ್ಮ ಪತ್ರಿಕೆಯ ಹಿಂಬದಿ ರಕ್ಷಾಪುಟವನ್ನು ಇಡೀ ವರ್ಷಕ್ಕೆ ಕೊಂಡಿತು. ಕಾಗದದ ಸಾಲ ತೀರಿತು. ಏಳನೇ ತಿಂಗಳು ಒಬ್ಬ ಓದುಗರು ತಮ್ಮೂರಿನ ಕೆರೆಗೆ ಹರಿಯುವ ಕೊಳಚೆ ನೀರಿನ ಬಗ್ಗೆ ಬರೆದರು. ಅದು ಆ ಸಂಸ್ಥೆಗೆ ಸಂಬಂಧಪಟ್ಟದ್ದು. ಹಾಕಬೇಡಿ ಎಂದು ಫೋನ್ ಬಂತು. ನಾನು ಆ ಪತ್ರವನ್ನು ಒಂದು ಸಂಚಿಕೆ ಮುಂದೂಡಿದೆ. ಆಮೇಲೆ ಹಾಕಿದೆ, ಜಾಹೀರಾತು ನಿಂತಿತು, ಪತ್ರಿಕೆ ಬದುಕಿತು. ಆದರೆ ಮುಂದೂಡಿದ ಆ ಒಂದು ತಿಂಗಳು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಆ ಓದುಗರು ಮತ್ತೆ ನಮಗೆ ಬರೆಯಲಿಲ್ಲ.

ಹಾಗಾದರೆ ಏನು ಮಾಡುವುದು? ಉತ್ತರ ನಮ್ಮ ಊರುಗಳಲ್ಲೇ ಇದೆ.

ತೀರ್ಥಹಳ್ಳಿಯವರಿಗೆ ಯಕ್ಷಗಾನದ ಹರಕೆ ಆಟ ಹೊಸದಲ್ಲ. ಡೇರೆ ಮೇಳಕ್ಕೆ ಟಿಕೆಟ್ ಇರುತ್ತದೆ. ಹರಕೆ ಆಟಕ್ಕೆ ಇಲ್ಲ. ಒಂದು ಮನೆಯವರು ಮಂದಾರ್ತಿ ಅಮ್ಮನಿಗೆ ಹರಕೆ ಹೊರುತ್ತಾರೆ. ಮೇಳಕ್ಕೆ ಕೊಡಬೇಕಾದ್ದು ಕೊಡುತ್ತಾರೆ, ಊಟ ಹಾಕುತ್ತಾರೆ, ಗದ್ದೆಯಲ್ಲಿ ರಂಗಸ್ಥಳ ಏಳುತ್ತದೆ. ನೋಡುವುದು ಇಡೀ ಊರು. ಪಕ್ಕದ ಊರಿನವರೂ ಕಂಬಳಿ ಹೊದ್ದು ಬಂದು ಕೂರುತ್ತಾರೆ. ಯಾರೂ ನೀನ್ಯಾಕೆ ಬಂದೆ ಎನ್ನುವುದಿಲ್ಲ. ಹರಕೆ ಹೊತ್ತವರು ಇಂಥ ಪ್ರಸಂಗ ಆಗಲಿ ಎಂದು ಕೇಳಬಹುದು. ಆದರೆ ಭಾಗವತರ ಜಾಗದಲ್ಲಿ ಹೋಗಿ ಕೂರುವುದಿಲ್ಲ. ಹೀಗೆ ಹರಕೆ ಆಟಕ್ಕಾಗಿ ವರ್ಷಗಟ್ಟಲೆ ಕಾಯುವ ಮನೆಗಳಿವೆ.

ನಿಮ್ಮ ಬಳಗಕ್ಕೂ ಹೀಗೇ ಒಂದೊಂದು ತಿಂಗಳ ಹರಕೆದಾರರನ್ನು ಹುಡುಕಿ. ಒಂದು ತಿಂಗಳಿಗೆ ಎಷ್ಟು ಬೇಕು? ಸರ್ವರಿಗೆ ಸಾವಿರದೊಳಗೆ ಹಿಡಿಯಿರಿ. ಇನ್ನೊಂದು ಆರು ಏಳು ಸಾವಿರ ರೂಪಾಯಿಯನ್ನು ಒಬ್ಬರ ಗೌರವಧನಕ್ಕೆ ಇಡಿ. ಬಳಗದಲ್ಲೇ ಕಲಿತ ಕಾಲೇಜು ವಿದ್ಯಾರ್ಥಿಯೊಬ್ಬರು ದಿನಾ ಸಂಜೆ ಎರಡು ಗಂಟೆ ಪ್ರಶ್ನೆ ನೋಡಿಕೊಳ್ಳಲಿ. ಒಟ್ಟು ಎಂಟು ಸಾವಿರದೊಳಗೆ. ಅಂಥ ಹನ್ನೆರಡು ಜನ, ಇಲ್ಲವೇ ಹನ್ನೆರಡು ಗೆಳೆಯರ ಗುಂಪು ಸಾಕು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೊಸನಗರ, ಕೊಪ್ಪ, ಶೃಂಗೇರಿ ಕಡೆಯವರು ಕಡಿಮೆಯೇ? ‘ಈ ತಿಂಗಳ ಬಳಗ ಇವರ ಕಡೆಯಿಂದ’ ಎಂದು ಒಂದು ಸಾಲು ಹಾಕಿ. ಅಷ್ಟೇ, ಅದಕ್ಕಿಂತ ಜಾಸ್ತಿ ಏನೂ ಕೊಡಬೇಡಿ.

ಮಿಕ್ಕವರು ಕೊಡುವುದು ಬೇಡವೇ? ಕೊಡಲಿ, ಬೇರೆ ರೀತಿಯಲ್ಲಿ. ನೆಟ್ಟಿ ಕಾಲದಲ್ಲಿ ಕೂಲಿಯಿಲ್ಲದೆ ಒಬ್ಬರ ಗದ್ದೆಗೆ ಇನ್ನೊಬ್ಬರು ಮುಯ್ಯಾಳು ಹೋಗುತ್ತಿದ್ದೆವಲ್ಲ, ಹಾಗೆ. ಹತ್ತು ಪ್ರಶ್ನೆ ಕೇಳಿ ಉತ್ತರ ಪಡೆದವರು ಹೊಸಬರ ಎರಡು ಪ್ರಶ್ನೆಗೆ ಉತ್ತರ ಬರೆಯಲಿ. ಇದು ತಾನಾಗಿ ನಡೆಯುವುದಿಲ್ಲ ಎಂಬುದೂ ನೆನಪಿರಲಿ. ಇವತ್ತು ಯಾರ ಗದ್ದೆ, ನಾಳೆ ಯಾರದು ಎಂದು ನೆನಪಿಟ್ಟು ಕೂಗುವ ಒಬ್ಬರು ಕೇರಿಯಲ್ಲಿ ಇರುತ್ತಿದ್ದರು. ನಾನು ಗೌರವಧನ ಎಂದದ್ದು ಆ ಒಬ್ಬರಿಗೆ. ಆ ಕೆಲಸ ಪುಕ್ಕಟೆ ಮಾಡಿಸಬೇಡಿ. ಈಗ ನೀವು ಪುಕ್ಕಟೆ ಮಾಡಿಯೇ ಸೋತಿದ್ದೀರಿ.

ಟೂಲ್ ವಿಷಯದಲ್ಲಿ ಮಾತ್ರ ಸಂಕೋಚ ಬಿಡಿ. ಮಾರಬಹುದಾದ್ದನ್ನು ಮಾರಿ. ಮಗುವಿಗೆ ಟೂಲ್ ಪುಕ್ಕಟೆಯೇ ಇರಲಿ. ಶಾಲೆಗೆ ಬೇಕಾಗುವ ಪೆಟ್ಟಿಗೆ ಬೇರೆ: ನೆಟ್ ಇಲ್ಲದೆಯೂ ಇಡೀ ತರಗತಿಗೆ ನಡೆಯುವ ಆವೃತ್ತಿ, ಶಿಕ್ಷಕರಿಗೆ ಪಾಠದ ಕೈಪಿಡಿ, ಅಚ್ಚು ಹಾಕಿದ ಅಭ್ಯಾಸ ಪುಸ್ತಕ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ಅಲ್ವಾ? ನೆಟ್ ಬೇಡದ ಆವೃತ್ತಿಗೆ ಆಗುಂಬೆ ಕಡೆಯ ಮೇಷ್ಟ್ರು ಖಂಡಿತ ದುಡ್ಡು ಕೊಡಿಸುತ್ತಾರೆ. ದಸರಾ ರಜೆಯಲ್ಲಿ ಶಿವಮೊಗ್ಗದಲ್ಲಿ ಐದು ದಿನದ ಶಿಬಿರ ಮಾಡಿ, ಕಟ್ಟಬಲ್ಲ ಪೋಷಕರಿಂದ ಶುಲ್ಕ ತೆಗೆದುಕೊಳ್ಳಿ. ಪೈಥಾನ್ ಭಾಷೆಯನ್ನು ನೋಡಿಕೊಳ್ಳುವ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ನಿಗೂ ಬಹುಕಾಲ ದೊಡ್ಡ ಆದಾಯ ಬಂದದ್ದು ವರ್ಷಕ್ಕೊಮ್ಮೆ ನಡೆಸುವ ಪೈಕಾನ್ ಸಮ್ಮೇಳನದಿಂದ. ಭಾಷೆ ಎಲ್ಲರಿಗೂ ಪುಕ್ಕಟೆಯಾಗಿಯೇ ಉಳಿದಿದೆ.

ಬ್ಲಾಕ್ ಜೋಡಿಸಿ ಮಕ್ಕಳು ಪ್ರೋಗ್ರಾಮಿಂಗ್ ಕಲಿಯುವ, 2007ರಲ್ಲಿ ಬಂದ ಸ್ಕ್ರ್ಯಾಚ್ ಉದಾಹರಣೆ ನೀವೇ ಕೊಟ್ಟಿದ್ದೀರಿ. ಅದು ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು, ಅಮೆರಿಕದ ಸರ್ಕಾರಿ ವಿಜ್ಞಾನ ಪ್ರತಿಷ್ಠಾನದ ಅನುದಾನ ಸಿಕ್ಕಿತು. ಆ ದಾರಿ ನಮಗೆ ದೂರ. ನನಗೆ ಬ್ಲೆಂಡರ್ ಕಥೆ ಹತ್ತಿರ ಅನಿಸುತ್ತದೆ. ತ್ರೀಡಿ ಚಿತ್ರ ಮಾಡುವ ಆ ಸಾಫ್ಟ್‌ವೇರಿನ ಕಂಪನಿ 2002ರಲ್ಲಿ ಮುಳುಗಿತು. ಅದನ್ನು ಬರೆದ ಟೋನ್ ರೋಸೆಂಡಾಲ್ ಬಳಸುವವರ ಮುಂದೆಯೇ ಹೋಗಿ, 1 ಲಕ್ಷ ಯೂರೋ ಕೂಡಿದರೆ ಕೋಡ್ ಬಿಡಿಸಿ ಎಲ್ಲರಿಗೂ ಕೊಡುತ್ತೇನೆ ಎಂದರು. ಏಳು ವಾರದಲ್ಲಿ ಕೂಡಿತು. ಅದೇ ಅಕ್ಟೋಬರಿನಲ್ಲಿ ಕೋಡ್ ಎಲ್ಲರದಾಯಿತು. ಜನ ಕೊಟ್ಟರು, ಯಾಕೆಂದರೆ ಎಷ್ಟು ಬೇಕು, ಯಾಕೆ ಬೇಕು, ಕೊಟ್ಟರೆ ಏನಾಗುತ್ತದೆ ಎಂಬುದು ಅವರಿಗೆ ಸ್ಪಷ್ಟವಿತ್ತು. ನೀವು 1,900 ಜನರಿಗೆ ನಿಮ್ಮ ಲೆಕ್ಕವನ್ನು ಒಂದು ಸಲವಾದರೂ ತೋರಿಸಿದ್ದೀರಾ? ಪತ್ರ ನೋಡಿದರೆ ಇಲ್ಲ ಅನಿಸುತ್ತದೆ. ಪ್ರತಿ ತಿಂಗಳ ಮೊದಲ ತಾರೀಖು ಬಂದದ್ದು, ಹೋದದ್ದು ಎರಡನ್ನೂ ಹಾಕಿ.

ಕಾನೂನಿನ ಮಾತು ಸ್ವಲ್ಪ. ಬೇರೆಯವರ ದುಡ್ಡನ್ನು ನಿಮ್ಮ ಸಂಬಳದ ಖಾತೆಗೆ ಹಾಕಿಸಿಕೊಳ್ಳಬೇಡಿ. ಏಳು ಜನ ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಬಹುದು, ಸಂಘದ ಹೆಸರಿನಲ್ಲೇ ಖಾತೆ ತೆರೆಯಬಹುದು. ಯುಪಿಐ ಕ್ಯೂಆರ್ ಇಡಿ. ಬ್ಯಾಂಕ್ ಖಾತೆಯಿಂದ ಯುಪಿಐ ಮೂಲಕ ಬರುವ ಹಣಕ್ಕೆ 2020ರ ಜನವರಿಯಿಂದ ಎಂಡಿಆರ್, ಅಂದರೆ ಹಣ ಪಡೆಯುವವರಿಂದ ಬ್ಯಾಂಕ್ ಹಿಡಿಯುವ ಶುಲ್ಕ, ಇಲ್ಲ, ಹಾಗಾಗಿ ಯಾರೋ ಕಳಿಸಿದ 20 ರೂಪಾಯಿ ಪೂರ್ತಿ ನಿಮಗೆ ಸೇರುತ್ತದೆ. ಅಮೆರಿಕದಲ್ಲಿರುವ ನಮ್ಮವರು ಕೊಡುತ್ತೇವೆ ಎಂದರೆ ಜಾಗ್ರತೆ. ಭಾರತದ ಪೌರತ್ವ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಅಲ್ಲಿನ ಪೌರತ್ವ ಪಡೆದವರ ದೇಣಿಗೆ ವಿದೇಶಿ ದೇಣಿಗೆಯಾಗುತ್ತದೆ, ಅದಕ್ಕೆ 2010ರ ಎಫ್‌ಸಿಆರ್‌ಎ ಕಾಯ್ದೆಯಡಿ ಅನುಮತಿ ಬೇಕು. ಶಿವಮೊಗ್ಗದಲ್ಲಿ ಒಳ್ಳೆಯ ಲೆಕ್ಕಪರಿಶೋಧಕರೊಬ್ಬರನ್ನು ಮೊದಲೇ ಕಂಡು ಬನ್ನಿ.

ಇಂಥದ್ದೆಲ್ಲ ಬೆಂಗಳೂರಿನಲ್ಲಿ ಮಾತ್ರ ಆಗುತ್ತದೆ ಎಂದು ನಿಮ್ಮ ಗೆಳೆಯರು ಹೇಳಿದರಂತೆ. ಹೆಗ್ಗೋಡು ಸಾಗರದ ಹತ್ತಿರದ ಹಳ್ಳಿ. ನೀನಾಸಂ ನಾಟಕ ಸಂಸ್ಥೆ 1949ರಲ್ಲಿ ಅಲ್ಲಿ ಹುಟ್ಟಿತು. 1985ರಿಂದ ಅದರ ‘ತಿರುಗಾಟ’ ತಂಡ ನಾಟಕಗಳನ್ನು ಹೊತ್ತು ಕರ್ನಾಟಕ ಸುತ್ತುತ್ತಿದೆ. ಗೆಳೆಯರಿಗೆ ಇಷ್ಟು ಹೇಳಿ.

ಮುಂದಿನ ತಿಂಗಳಿಂದ ನಮ್ಮ ಪತ್ರಿಕೆಯಲ್ಲಿ ನಿಮಗೆ ಅರ್ಧ ಪುಟ ಇಟ್ಟಿರುತ್ತೇವೆ. ಮಕ್ಕಳು ಕೇಳಿದ ಒಂದು ಪ್ರಶ್ನೆ, ಅದರ ಉತ್ತರ, ಕೆಳಗೆ ಆ ತಿಂಗಳ ಲೆಕ್ಕ ಬರೆದು ಕಳಿಸಿ. ಮೊದಲ ಪ್ರಶ್ನೆ ‘ರಗಾಸ’ ಇರಲಿ, ಆ ಹುಡುಗಿಯ ಮನೆಯವರನ್ನು ಕೇಳಿಯೇ ಹಾಕೋಣ. ಮೊದಲ ತಿಂಗಳ ಹರಕೆ ನಮ್ಮ ಪತ್ರಿಕೆಯದು. ಸಂಘದ ಖಾತೆ ತೆರೆದ ದಿನ ಒಂದು ಸಾಲು ಬರೆಯಿರಿ, ಹಣ ಕಳಿಸುತ್ತೇನೆ.