320 ಎಚ್‌ಪಿ ಅಂತ ಹೇಳಿ ಡೈನೋದಲ್ಲಿ (ಕಾರಿನ ಪವರ್ ಅಳೆಯೋ ಮಷೀನ್) 270 ಬಂದ್ರೆ ಕಂಪನಿ ಮೋಸ ಮಾಡಿದ್ಯಾ?

ಇಲ್ಲ ಸರ್, ಮೋಸ ಅಲ್ಲ. ಬ್ರೋಷರ್‌ನಲ್ಲಿ ಕೊಡೋದು ಇಂಜಿನ್ ಕ್ರ್ಯಾಂಕ್‌ನಲ್ಲಿ, ಅಂದ್ರೆ ಇಂಜಿನ್ ತಿರುಗಿಸೋ ಶಾಫ್ಟ್‌ನಲ್ಲೇ ಅಳೆದ ಪವರ್, ನೀವು ಡೈನೋ ರೋಲರ್ ಮೇಲೆ ನೋಡಿದ್ದು ಚಕ್ರಕ್ಕೆ ತಲುಪಿದ್ದು, ಮಧ್ಯದಲ್ಲಿ ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಟೈರ್ ಎಲ್ಲಾ ಸೇರಿ ಒಂದಿಷ್ಟು ತಿಂದು ಹಾಕತ್ವೆ. ರಿಯರ್ ವೀಲ್ ಡ್ರೈವ್ ಮ್ಯಾನುಯಲ್‌ಗೆ ಅಂದಾಜು 15% ಅಂತಾರೆ, ಆ ಲೆಕ್ಕದಲ್ಲಿ 320ಕ್ಕೆ 272 ಆಯ್ತಲ್ಲ, ನಿಮ್ದು ಸರಿಯಾಗೇ ಇದೆ. ಆದ್ರೆ ಈ 15% ಏನೂ ಕಲ್ಲಲ್ಲಿ ಕೆತ್ತಿದ್ದಲ್ಲ, ಡೈನೋ ಬದಲಾದ್ರೆ ನಂಬರ್ರೂ ಬದಲಾಗತ್ತೆ, ರೋಲರ್‌ಗೆ ಬ್ರೇಕ್ ಥರ ಲೋಡ್ ಹಾಕೋ ಡೈನೋಗಳು ಸಾಮಾನ್ಯವಾಗಿ ಇನರ್ಶಿಯಾ ಡೈನೋಗಿಂತ (ಭಾರದ ರೋಲರ್ ಎಷ್ಟು ಬೇಗ ವೇಗ ಹಿಡಿಯತ್ತೆ ಅಂತ ನೋಡಿ ಲೆಕ್ಕ ಹಾಕೋದು) ಕಮ್ಮಿನೇ ತೋರಿಸೋದು.

ಕಂಪನಿಗಳು ನಿಜವಾಗ್ಲೂ ಸಿಕ್ಕಿಬಿದ್ದಿದ್ದೂ ಉಂಟು. 1999ರ ಫೋರ್ಡ್ ಮಸ್ಟಾಂಗ್ ಕೋಬ್ರಾಗೆ ಇದೇ 320 ಹೇಳಿದ್ರು, ಓನರ್‌ಗಳು ಡೈನೋಗೆ ಹತ್ತಿಸಿದ್ರೆ ಬರ್ಬೇಕಾದಷ್ಟು ಬರ್ಲೇ ಇಲ್ಲ, ಕೊನೆಗೆ ಫೋರ್ಡ್‌ನವರೇ ಕಾರುಗಳನ್ನ ವಾಪಸ್ ಕರೆಸಿ ಇನ್‌ಟೇಕ್ ಮ್ಯಾನಿಫೋಲ್ಡ್, ಎಕ್ಸಾಸ್ಟ್ ಬದಲಾಯಿಸಿ ಕೊಟ್ರು, 2000ಕ್ಕೆ ಮಾಮೂಲಿ ಕೋಬ್ರಾನೇ ಬಿಡ್ಲಿಲ್ಲ. ಮಾಜ್ದಾ ಆರ್‌ಎಕ್ಸ್-8ದೂ ಇಂಥದ್ದೇ ಕಥೆ, ಅಮೆರಿಕದಲ್ಲಿ ಹೇಳಿದ್ ಪವರ್‌ನ 238ಕ್ಕೆ ಇಳಿಸ್ಬೇಕಾಯ್ತು.

ಉಲ್ಟಾನೂ ಇದೆ, ನಂಗಂತೂ ಅದೇ ಮಜಾ. 2020ರ ಟೊಯೊಟಾ ಸುಪ್ರಾಗೆ 335 ಅಂದಿದ್ರು, ಕಾರ್ ಅಂಡ್ ಡ್ರೈವರ್ ಮ್ಯಾಗಜೀನ್‌ನವರಿಗೆ ಚಕ್ರದಲ್ಲೇ 339 ಸಿಕ್ತು! ಟರ್ಬೊ ಕಾರಿಗೆ ಹಿಂಗೆ ಮುಚ್ಚಿಟ್ಟು ಹೇಳೋ ಚಾಳಿ ಸ್ವಲ್ಪ ಜಾಸ್ತಿ.

ಮತ್ತೆ ಚೆಕ್ ಮಾಡ್ಸೋದಾದ್ರೆ ಅದೇ ಡೈನೋಗೇ ಹೋಗಿ, ಗೇರ್ 1:1ಕ್ಕೆ (ಇಂಜಿನ್ ವೇಗದಲ್ಲೇ ಗೇರ್‌ಬಾಕ್ಸ್‌ನಿಂದ ಹೊರಬರೋದು) ಹತ್ತಿರ ಇರೋದೇ ಹಾಕ್ಸಿ, ಟೈರ್ ಗಾಳಿ ಸರಿ ಇರ್ಲಿ, ಮುಂದೆ ಒಳ್ಳೆ ದೊಡ್ಡ ಫ್ಯಾನ್ ಇಡ್ಸಿ, ಶೀಟ್‌ನಲ್ಲಿ ಕರೆಕ್ಷನ್ (ಆವತ್ತಿನ ಹವೆಗೆ ತಕ್ಕಂತೆ ನಂಬರ್ ಹೊಂದಿಸೋ ಲೆಕ್ಕ) ಯಾವ್ದು ಹಾಕಿದಾರೆ ಅಂತಾನೂ ಕೇಳಿ.