ಆರ್‌ಟಿಇ ಲಿಸ್ಟಲ್ಲಿ ಆ ಸ್ಕೂಲ್ ಯಾಕಿಲ್ಲ?

ಪ್ರಶ್ನೆ: ಮೇಡಂ ನಮಸ್ಕಾರ. ದೊಡ್ಡ ಮಗನಿಗೆ 2018ರಲ್ಲಿ ಆರ್‌ಟಿಇಲಿ (ಶಿಕ್ಷಣ ಹಕ್ಕು ಕಾಯ್ದೆ) ಮನೆ ಹತ್ರದ ಇಂಗ್ಲಿಷ್ ಮೀಡಿಯಂ ಸ್ಕೂಲಲ್ಲಿ ಒಂದನೇ ಕ್ಲಾಸಿಗೆ ಸೀಟ್ ಸಿಕ್ಕಿತ್ತು. ಈಗ ಎಂಟನೇ ಕ್ಲಾಸು, ಒಂಬತ್ತರಿಂದ ಪೂರ್ತಿ ಫೀಸ್ ಕಟ್ಟಿ ಅಂತಿದಾರೆ. ಚಿಕ್ಕವಳಿಗೂ ಅಲ್ಲೇ ಹಾಕೋಣ ಅಂತ ಸೈಬರ್ ಸೆಂಟರ್‌ಗೆ ಹೋದ್ರೆ ಲಿಸ್ಟಲ್ಲಿ ಆ ಸ್ಕೂಲ್ ಹೆಸರೇ ಇಲ್ಲ. ಅದೇ ಸ್ಕೂಲು, ಅದೇ ಮನೆ, ಏನಾಯ್ತು?
- ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ಇದು ಸ್ಕೂಲ್‌ನವರು ಮಾಡಿದ್ದಲ್ಲಮ್ಮ, ರೂಲ್ಸೇ ಬದಲಾಗಿದೆ. 2009ರ ಈ ಆರ್‌ಟಿಇ ಕಾಯ್ದೆ ಪ್ರಕಾರ ಅನುದಾನ ಇಲ್ಲದ ಖಾಸಗಿ ಶಾಲೆಗಳೂ ಒಂದನೇ ಕ್ಲಾಸಲ್ಲಿ ಕಾಲು ಭಾಗ ಸೀಟನ್ನ ಬಡ, ಹಿಂದುಳಿದ ಮನೆ ಮಕ್ಕಳಿಗೆ ಕೊಡ್ಬೇಕು, ಆ ಖರ್ಚನ್ನ ಸರ್ಕಾರ ಶಾಲೆಗೆ ಕೊಡುತ್ತೆ. 2012ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನ ಸರಿ ಅಂತು (ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಮಾತ್ರ 2014ರ ತೀರ್ಪಿಂದ ಪೂರ್ತಿ ವಿನಾಯಿತಿ ಸಿಕ್ತು). ಆದ್ರೆ 2019ರ ಜನವರಿಯಲ್ಲಿ ನಮ್ಮ ರಾಜ್ಯ ನಿಯಮ ತಿದ್ದಿ, ನಿಮ್ಮ ವಾರ್ಡಲ್ಲೋ ಊರಲ್ಲೋ ಸರ್ಕಾರಿ ಇಲ್ಲಾ ಅನುದಾನಿತ ಶಾಲೆ ಇದ್ರೆ ಖಾಸಗಿ ಶಾಲೆಯ ಸೀಟು ಲೆಕ್ಕಕ್ಕೇ ಬರಲ್ಲ ಅಂತ ಮಾಡ್ತು, ಅದೇ ವರ್ಷ ಮೇನಲ್ಲಿ ಹೈಕೋರ್ಟ್ ಅದನ್ನ ಎತ್ತಿಹಿಡೀತು. ಸರ್ಕಾರಿ ಶಾಲೆ ಇಲ್ಲದ ಊರು ನಮ್ಮಲ್ಲಿ ಎಷ್ಟಿದೆ ಹೇಳಿ, ಹಾಗಾಗಿ ಲಿಸ್ಟು ಹೆಚ್ಚುಕಡಿಮೆ ಖಾಲಿ.

ಸರ್ಕಾರದ ದುಡ್ಡು ಖಾಸಗಿಯವರಿಗೆ ಹೋಗಿ ಸರ್ಕಾರಿ ಶಾಲೆ ಖಾಲಿಯಾಗ್ತಿದೆ ಅನ್ನೋದು ಆಗ ಕೊಟ್ಟ ಕಾರಣ. ಅದು ಸುಳ್ಳಲ್ಲ, ನಾನೂ ಸರ್ಕಾರಿ ಶಾಲೆ ಪರವೇ, ಆದ್ರೆ ಆ ಕಾಲು ಭಾಗ ಸೀಟು ಇಟ್ಟಿದ್ದು ಶಾಲೆ ಕಮ್ಮಿ ಇದೆ ಅಂತಲ್ಲ, ಕೂಲಿಯವರ ಮಗು ಡಾಕ್ಟರ್ ಮಗು ಒಂದೇ ಬೆಂಚಲ್ಲಿ ಕೂರ್ಲಿ ಅಂತ, ಆ ಉದ್ದೇಶವನ್ನೇ ಬಿಟ್ಟುಬಿಟ್ರು ಅನ್ನೋದು ನನ್ನ ಬೇಸರ. ಮಹಾರಾಷ್ಟ್ರ 2024ರಲ್ಲಿ ಇಂಥದ್ದೇ ನಿಯಮ ತಂದಾಗ ಬಾಂಬೆ ಹೈಕೋರ್ಟ್ ರದ್ದು ಮಾಡ್ತು, ಸುಪ್ರೀಂ ಕೋರ್ಟೂ ಆ ತೀರ್ಪನ್ನ ಉಳಿಸ್ತು. ನಮ್ಮಲ್ಲೂ ಮತ್ತೆ ಕೇಳ್ಲೇಬೇಕಾದ ಪ್ರಶ್ನೆ ಇದು.

ಸದ್ಯಕ್ಕೆ ಚಿಕ್ಕವಳಿಗೆ ಹತ್ತಿರದಲ್ಲಿ ಕರ್ನಾಟಕ ಪಬ್ಲಿಕ್ ಸ್ಕೂಲ್ ಇದ್ಯಾ ನೋಡಿ, ಎಲ್‌ಕೆಜಿಯಿಂದ ಪಿಯುಸಿ ತನಕ ಒಂದೇ ಕಡೆ. 2019ರಿಂದ ಸುಮಾರು ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಂ ಸೆಕ್ಷನ್ನೂ ಇದೆ, ನಿಮ್ಮ ಕಡೆ ಎಲ್ಲೆಲ್ಲಿ ಅಂತ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಲ್ಲಿ ಕೇಳಿ, ಸೀಟು ಬೇಗ ತುಂಬುತ್ತೆ.

ಮಗನ ವಿಷಯದಲ್ಲಿ ಮಾತ್ರ ಕಾಯ್ದೆ ಕೈ ಹಿಡಿಯಲ್ಲ, ಅದು ಎಂಟನೇ ಕ್ಲಾಸ್ ತನಕವೇ. ಒಂಬತ್ತಕ್ಕೆ ಎಷ್ಟು ಫೀಸ್ ಅಂತ ಈಗಲೇ ಬರವಣಿಗೇಲಿ ಕೇಳಿ, ಕಷ್ಟ ಆದ್ರೆ ಸರ್ಕಾರಿ ಹೈಸ್ಕೂಲಿಗೆ ಸೇರಿಸಿ, ಹಿಂಜರೀಬೇಡಿ. ಆದ್ರೆ "ಸರ್ಕಾರದಿಂದ ಹಣ ಬಂದಿಲ್ಲ, ಹಳೇ ವರ್ಷದ ಬಾಕಿ ನೀವು ಕಟ್ಟಿ" ಅಂದ್ರೆ ಒಂದು ರೂಪಾಯಿನೂ ಕೊಡ್ಬೇಡಿ, ಅದು ಸ್ಕೂಲು-ಸರ್ಕಾರದ ಲೆಕ್ಕ. ಬಿಇಓಗೆ ದೂರು ಬರೆದುಕೊಟ್ಟು ಸೀಲ್ ಹಾಕಿಸಿದ ಕಾಪಿ ತಗೊಂಡು ಬನ್ನಿ.