ಅಡಿಸನ್ಸ್ ಕಾಯಿಲೆಯಲ್ಲಿ ಮೈ ಕಪ್ಪಾಗುವುದು ಯಾಕೆ?

ಸುಸ್ತು, ತೂಕ ಇಳಿಯೋದು ಸರಿ, ಆದರೆ ಮೈಬಣ್ಣ ಯಾಕೆ ಬದಲಾಗುತ್ತದೆ ಅಂತ ಕೇಳಿದ್ದೀರಿ.

ಕಿಡ್ನಿಗಳ ಮೇಲೆ ಅಡ್ರಿನಲ್ ಅನ್ನುವ ಪುಟ್ಟ ಗ್ರಂಥಿಗಳಿವೆ. ಅವು ಹಾಳಾದರೆ (ಇದೇ ಅಡಿಸನ್ಸ್ ಕಾಯಿಲೆ) ದೇಹ ಒತ್ತಡ ತಾಳಲು ಬೇಕಾದ ಕಾರ್ಟಿಸಾಲ್ ಅನ್ನುವ ಹಾರ್ಮೋನು ಸಾಕಷ್ಟು ತಯಾರಾಗುವುದಿಲ್ಲ. ಆಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ, ಅಡ್ರಿನಲ್ ಗ್ರಂಥಿಯನ್ನು ಕೆಲಸಕ್ಕೆ ಎಬ್ಬಿಸುವ ಎಸಿಟಿಎಚ್ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಅಡ್ರಿನಲ್ ಅಂತೂ ಎಚ್ಚರಾಗುವುದಿಲ್ಲ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಮಾತ್ರ ಚುರುಕಾಗುತ್ತವೆ! ಬಿಸಿಲು ತಾಗದ ಕಡೆಯೂ ಕಪ್ಪಾಗುವುದೇ ಇದರ ಗುರುತು: ಅಂಗೈ ಗೆರೆ, ಒಸಡು, ಹೊಸ ಗಾಯದ ಕಲೆ. ನಮ್ಮ ಕಂದು ಮೈಬಣ್ಣದಲ್ಲಿ ಇದು ಸುಲಭವಾಗಿ ಕಣ್ತಪ್ಪುತ್ತದೆ. ಬಿಸಿಲಲ್ಲಿ ಸುತ್ತಿದ್ದಕ್ಕೆ ಅಂತ ಸುಮ್ನೆ ಬಿಟ್ಟುಬಿಡುತ್ತಾರೆ, ಅಲ್ವಾ? ಪಿಟ್ಯುಟರಿಯೇ ಕೆಟ್ಟು ಕಾರ್ಟಿಸಾಲ್ ಕಡಿಮೆಯಾಗಿದ್ದರೆ ಹೀಗೆ ಕಪ್ಪಾಗುವುದಿಲ್ಲ.

ಕೆಲವರಿಗೆ ಉಪ್ಪು ತಿನ್ನುವ ಆಸೆಯೂ ಬರುತ್ತದೆ. ದೇಹದಲ್ಲಿ ಉಪ್ಪು ಉಳಿಸುವ, ಅಡ್ರಿನಲ್ ಗ್ರಂಥಿಯದ್ದೇ ಇನ್ನೊಂದು ಹಾರ್ಮೋನಾದ ಆಲ್ಡೋಸ್ಟಿರೋನ್ ಕೊರತೆಯಿಂದ ಸೋಡಿಯಂ ಮೂತ್ರದಲ್ಲಿ ಹೋಗಿಬಿಡುತ್ತದೆ, ಬಿಪಿ ಇಳಿಯುತ್ತದೆ, ಎದ್ದು ನಿಂತರೆ ತಲೆಸುತ್ತು.

ಲಂಡನ್ನಿನ ಥಾಮಸ್ ಅಡಿಸನ್ 1855ರಲ್ಲಿ ಇದನ್ನು ವಿವರಿಸಿದ ಕಾಲಕ್ಕೆ ಕ್ಷಯವೇ ದೊಡ್ಡ ಕಾರಣವಾಗಿತ್ತು. ಪಶ್ಚಿಮದ ದೇಶಗಳಲ್ಲಿ ಈಗ ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬೀಳುವುದು ಹೆಚ್ಚು. ಭಾರತದಲ್ಲಿ ಕ್ಷಯವನ್ನು ಇಂದಿಗೂ ಮರೆಯುವ ಹಾಗಿಲ್ಲ.

ಬೆಳಗಿನ ಕಾರ್ಟಿಸಾಲ್ ಮತ್ತು ಎಸಿಟಿಎಚ್ ರಕ್ತಪರೀಕ್ಷೆಯಿಂದ ಹುಡುಕಾಟ ಶುರು. ಸಾಮಾನ್ಯವಾಗಿ ಕಾರ್ಟಿಸಾಲ್ ಬದಲಿಗೆ ಹೈಡ್ರೋಕಾರ್ಟಿಸೋನ್ ಮಾತ್ರೆ ಜೀವನಪೂರ್ತಿ ಬೇಕು, ಆಲ್ಡೋಸ್ಟಿರೋನ್ ಬದಲಿಗೆ ಫ್ಲೂಡ್ರೋಕಾರ್ಟಿಸೋನ್ ಕೂಡ. ಮಾತ್ರೆ ತಪ್ಪಿಸಬೇಡಿ. ಜ್ವರ ಬಂದಾಗ ಡೋಸ್ ಎಷ್ಟು ಏರಿಸಬೇಕು ಅಂತ ಡಾಕ್ಟರ ಹತ್ತಿರ ಮೊದಲೇ ಬರೆಸಿಟ್ಟುಕೊಳ್ಳಿ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕಾಯಬೇಡಿ, ಇಂಜೆಕ್ಷನ್‌ಗೆ ತಕ್ಷಣ ಆಸ್ಪತ್ರೆಗೆ ಹೋಗಿ.